ಪೀಠದಿಂದ ವಾಪಸ್ ಹೋದ ಮೂಟೆ

ಹೊನ್ನವಳ್ಳಿ, ಸೋಮವಾರ

ಅಕ್ಕ,

ನನ್ನ ಪ್ರಸಂಗ ಕೇಳಿದರೆ ನಿದ್ದೆ ಬರುತ್ತದೆ ಎನ್ನುತ್ತಿದ್ದೆಯಲ್ಲ, ಇದನ್ನು ಓದು. ನಿನ್ನೆ ಚರ್ಚಿನಲ್ಲಿ ಸುಗ್ಗಿ ಹಬ್ಬದ ಆರಾಧನೆ. ಮೊದಲು ಸಹೋದರನೊಡನೆ ಒಂದಾಗು, ಆಮೇಲೆ ಕಾಣಿಕೆ ಕೊಡು ಎಂಬ ಬೈಬಲ್ ವಾಕ್ಯವನ್ನು ವಿವರಿಸುತ್ತಿದ್ದೆ. ಸಭೆಯ ಹಿರಿಯರಾದ ದೇವಕುಮಾರಪ್ಪ ಎದ್ದು ಬಂದು, ಪೀಠದ ಮುಂದೆ ತಾವೇ ಇಟ್ಟಿದ್ದ ತೆಂಗಿನಕಾಯಿ ಮೂಟೆ ಹೊತ್ತು ಹೊರಟೇಬಿಟ್ಟರು. ಸಿಟ್ಟಾದರೆಂದುಕೊಂಡೆ. ಅರ್ಧ ಗಂಟೆ ಹಾಡು ಹಾಡಿಸುತ್ತಾ ಕಾದೆ. ಐದು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣನ ಜೊತೆ ಬಂದರು. ಮೂಟೆ ಈಗ ಅಣ್ಣನ ತಲೆಯ ಮೇಲಿತ್ತು.

"ಅಯ್ನೋರೆ, ಇವು ಅಣ್ಣನ್ ಮರದ ಕಾಯಿ. ಮರ ವಾಲ್ಕಂಡು ನನ್ ತೋಟಕ್ಕೆ ಬಿದ್ದಿದ್ವು. ಅವ್ನೇ ಕೊಡ್ಲಿ ಅಂತ ಕರ್ಕಂಡ್ ಬಂದೆ."

ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನ್ನೆ ಒಬ್ಬರೂ ತೂಕಡಿಸಲಿಲ್ಲ.

ನಿನ್ನ ತಮ್ಮ,
ಪಾಸ್ಟರ್ ಪ್ರಭಾಕರ