ಅರಿವೆಯಿಂದ ಒರೆಸಿದ ಬ್ಲೇಡು

೧೨ ನವೆಂಬರ್ ೨೦೨೪, ಮಂಗಳವಾರ

ಯಮಕನಮರಡಿಯಿಂದ ಬಂದಾಗಿನಿಂದ ಸಿಟ್ಟು ಇಳಿದಿಲ್ಲ. ಅಣ್ಣನ ಮಗ ಸೋಮಶೇಖರನಿಗೆ ಕಾಮಾಲೆಯಾಗಿ ತಿಂಗಳಾಯಿತು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂದು ಬಂದಿತ್ತು. ಈಗ ಕಣ್ಣಿನ ಹಳದಿ ಹೋಗಿದೆ, ರೊಟ್ಟಿ ಸೇರುತ್ತಿದೆ.

"ನೋಡ್ರಿ, ನಾಟಿ ಔಷಧದ ಗುಣ," ಎಂದರು ಅವನ ತಾಯಿ, ನನ್ನ ವೈನಿ ಗೌರವ್ವ.

ದೊಡ್ಡವರಲ್ಲಿ ಇದು ಬಹುತೇಕ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಔಷಧ ಕೊಟ್ಟವನಿಗೆ. ಅದನ್ನಾದರೂ ಸಹಿಸಬಹುದು. ಆದರೆ ಆ ಮನುಷ್ಯ ರಟ್ಟೆಯ ಮೇಲೆ ಬ್ಲೇಡಿನಿಂದ ಗೀರಿ, ಗಾಯಕ್ಕೆ ಬೇರಿನ ರಸ ಹಚ್ಚುತ್ತಾನೆ. ಭಾನುವಾರ ಅವನ ಮನೆ ಮುಂದೆ ಸಾಲು ಹತ್ತಿರುತ್ತದಂತೆ.

"ಒಬ್ಬೊಬ್ಬರಿಗೆ ಬ್ಯಾರೆ ಬ್ಲೇಡೇನು?" ಎಂದೆ.

"ಅರಿವೀಲೆ ಒರಸ್ತಾನಲ್ರಿ. ಓದಿ ಓದಿ ನಿಮಗ ಎಲ್ಲಾದ್ರಾಗೂ ಸಂಶೆ."

ನಲವತ್ತು ವರ್ಷದ ಹಿಂದೆ ಗೋಕಾಕ ಫಾಲ್ಸಿನ ದವಾಖಾನೆಯಲ್ಲಿ ನರ್ಸಬಾಯಿ ಇಪ್ಪತ್ತು ನಿಮಿಷ ಕುದಿಸದೆ ಗಾಜಿನ ಸಿರಿಂಜು ಮುಟ್ಟುತ್ತಿರಲಿಲ್ಲ. ರಕ್ತದಿಂದ ರಕ್ತಕ್ಕೆ ಹತ್ತುವ ರೋಗಕ್ಕೆ ಈಗ ಅರಿವೆ ಸಾಕಾಯಿತು!

ಸೋಮಶೇಖರನ ಹೆಂಡತಿ ದಾಕ್ಷಾಯಿಣಿ ಏಳು ತಿಂಗಳ ಬಸುರಿ. ಅವಳ ರಕ್ತ ತೋರಿಸಿದಿರಾ ಎಂದು ಕೇಳಿದೆ.

"ಅಕಿಗೆ ಯಾಕ್ರಿ? ಮುಂಚೇನ ಅಕಿಗೂ ಗೀರಿಸೇವಿ."

ದಾಕ್ಷಾಯಿಣಿ ಸೆರಗು ಸರಿಸಿ ರಟ್ಟೆ ತೋರಿಸಿದಳು. ಮೂರು ಗೀರು.

"ಅವರದಾದ ಮ್ಯಾಲ ನಂದರಿ, ಕಾಕಾರ. ಕೂಸಿಗೂ ಹತ್ತತೈತೇನ್ರಿ?"

ಹತ್ತಿದರೆ ಕೂಸಿನಲ್ಲಿ ಬಹುತೇಕ ಜನ್ಮಪೂರ್ತಿ ಉಳಿಯುತ್ತದೆ. ಅದನ್ನು ಹೇಳಲಿಲ್ಲ. ನಾಳೆಯೇ ರಕ್ತ ತೋರಿಸೋಣ, ಹುಟ್ಟಿದ ದಿನವೇ ಲಸಿಕೆ ಹಾಕಿಸಿದರೆ ಕೂಸನ್ನು ಕಾಯಬಹುದು ಎಂದೆ.

"ಮೊದಲ ಯಾಕ ಹೇಳಲಿಲ್ರಿ?" ಎಂದಳು ದಾಕ್ಷಾಯಿಣಿ.

ಸೋಮಶೇಖರನ ರಿಪೋರ್ಟನ್ನು ನಾನು ಮೂರು ವಾರದ ಹಿಂದೆಯೇ ಓದಿದ್ದೆ. ಎಳನೀರು ಕುಡಿ ಎಂದು ಫೋನಿನಲ್ಲಿ ಹೇಳಿ ಸುಮ್ಮನಾಗಿದ್ದೆ.