ಕಟ್ಟೆ ಒಣಗುವ ತನಕ

ಅಮ್ಮಾ,

ಇವತ್ತು ತಮ್ಮ ತರಕಾರಿ ಚೀಲವನ್ನು ತಂದು ಸೀದಾ ಅಡುಗೆಮನೆಯ ಅಮೃತಶಿಲೆ ಕಟ್ಟೆಯ ಮೇಲಿಟ್ಟ. ನಾನು ಆಗಷ್ಟೇ ಕಟ್ಟೆಯನ್ನು ಸೋಪುನೀರಲ್ಲಿ ಒರೆಸಿ, ಸ್ಪಿರಿಟ್ ಹಚ್ಚಿ, ಒಣಗಲು ಬಿಟ್ಟಿದ್ದೆ. ನಿನ್ನ ಕಾಯಿಲೆಯ ದಿನಗಳ ರೂಢಿ, ನೀನು ಹೋದಮೇಲೂ ಕೈ ಬಿಟ್ಟಿಲ್ಲ. ನಿಂಬೆಹುಳಿ ತಾಗಿದರೆ ಕಲ್ಲು ಮಂಕಾಗುತ್ತದೆ ಎಂದು ಹೇಳಿಕೊಟ್ಟವಳೂ ನೀನೇ. "ನನಗಿಂತ ಈ ಕಲ್ಲಿಗೇ ಉಪಚಾರ ಜಾಸ್ತಿ ಆಯ್ತಲ್ಲೇ" ಎಂದು ಮಲಗಿದಲ್ಲಿಂದಲೇ ನಗುತ್ತಿದ್ದವಳೂ ನೀನೇ.

"ತೆಗಿಯೋ ಅದನ್ನ! ಅಮ್ಮಂಗೆ ಸೋಂಕು ತಗುಲಿದ್ರೆ?" ಎಂದು ಕಿರುಚಿಬಿಟ್ಟೆ.

ಮಾತಿಗೆ ಮಾತು ಕೊಡುವ ನಿನ್ನ ಮಗ ಇವತ್ತು ಚೀಲವನ್ನು ನೆಲಕ್ಕಿಳಿಸಿದ. ಕಟ್ಟೆಯನ್ನು ಸೋಪುನೀರಲ್ಲಿ ಒರೆಸಿದ, ಮತ್ತೆ ಸ್ಪಿರಿಟ್ ಹಚ್ಚಿದ. ಹಸಿ ಒರೆಸಲೆಂದು ನಾನು ಬಟ್ಟೆಗೆ ಕೈ ಹಾಕಿದೆ.

"ತಾಳೇ ಅಕ್ಕ, ಒಣಗ್ಲಿ," ಎಂದ.

ಇಬ್ಬರೂ ಕಾಯುತ್ತಾ ನಿಂತೆವು.