ಬಾಗಿಲಲ್ಲೇ ಬಿಟ್ಟ ಕೀಲಿ

ಅಮ್ಮಾ,

"ಬಂದವರನ್ನು ಮೊದಲು ಕೂರಿಸು, ಆಮೇಲೆ ಯಾರೆಂದು ಕೇಳು" ಎನ್ನುತ್ತಿದ್ದೆಯಲ್ಲ? ಅಥವಾ ಕೇಳಲೇಬೇಡ ಎನ್ನುತ್ತಿದ್ದೆಯೋ?

ಇವತ್ತಿಗೆ ನೀನು ಹೋಗಿ ವರ್ಷವಾಯಿತು. ನೀನು ಮಾಡುತ್ತಿದ್ದಂತೆ ಕೀಲಿಯನ್ನು ಹೊರಗಿನಿಂದ ಬಾಗಿಲಲ್ಲೇ ಸಿಕ್ಕಿಸಿ ಬಿಟ್ಟಿದ್ದೆ, ಯಾರು ಬೇಕಾದರೂ ಬರಲೆಂದು. ನಮ್ಮೂರು ವಲೆಟ್ಟಾದ ಬಂದರಿಗೆ ಬಂದ ಪ್ರವಾಸಿ ಹಡಗಿನಿಂದ ಇಳಿದ ಮುದುಕಿಯೊಬ್ಬಳು ಒಬ್ಬಳೇ ನಮ್ಮ ಮೆಟ್ಟಿಲು ಬೀದಿ ಹತ್ತಿ, ಆ ಕೀಲಿ ತಿರುಗಿಸಿ ಒಳಗೆ ಬಂದು, ನಿನ್ನ ಫೋಟೋ ಮುಂದೆ ನಿಂತಳು.

"ಈ ಮ್ಯೂಸಿಯಂಗೆ ಟಿಕೆಟ್ ಎಲ್ಲಿ ತಗೋಬೇಕಮ್ಮಾ?"

"ಇದು ನಮ್ಮನೆ. ಟಿಕೆಟ್ ಬೇಡ, ಕೂತ್ಕೊಂಡು ಬ್ರೆಡ್ ತಿನ್ನಿ."

ನಾಚಿ ನಕ್ಕಳು. "ಗುಂಪಿನ ಜೊತೆ ಹೋದ್ರೆ ಬರೀ ಬೆನ್ನುಗಳೇ ಕಾಣೋದು, ಅದಕ್ಕೇ ತಪ್ಪಿಸ್ಕೊಂಡೆ" ಎಂದಳು. ಟೊಮೆಟೊ ಉಜ್ಜಿ ಎಣ್ಣೆ ಹಾಕಿದ ಬ್ರೆಡ್ಡನ್ನು ಎರಡು ಸಲ ಕೇಳಿ ತಿಂದು, ಹಡಗು ಹೊರಡುವ ಹೊತ್ತಾಯಿತೆಂದು ಎದ್ದಳು. ನಾನು ಹೆಸರು ಕೇಳಲಿಲ್ಲ.

ನಿನಗೆ ಮರೆವು ಶುರುವಾದಾಗ ಆ ಕೀಲಿಯನ್ನು ಒಳಗೆ ತೆಗೆದಿಟ್ಟವಳು ನಾನು. ಒಂದು ಮಧ್ಯಾಹ್ನ ನೀನು ನಮ್ಮದೇ ಬಾಗಿಲು ತಟ್ಟಿ, "ಒಳಗೆ ಬರಬಹುದಾ?" ಎಂದು ಕೇಳಿದ್ದೆ.

ಸಂಜೆ ಎದುರುಮನೆಯ ಜಿತ್ತಾ ಬಾಗಿಲಿಗೆ ಬಂದು ಕೂಗಿದಳು: "ಏನೇ, ಕೀಲಿ ಹೊರಗೇ ಇದೆಯಲ್ಲೇ! ನಿಮ್ಮಮ್ಮ ಬಂದ್ರೇನೋ ಅಂದ್ಕೊಂಡೆ ಕಣೇ."